ಎಂಟನೇ ಕ್ಲಾಸಿನ ಮಗಳಿಗೆ ಈಗಲೇ ಏನು ಕಲಿಸಬೇಕು?

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವರು. ಮಗಳು ಕನ್ನಡ ಮಾಧ್ಯಮದಲ್ಲಿ ಎಂಟನೇ ತರಗತಿ ಓದುತ್ತಿದ್ದಾಳೆ. ನನ್ನ ಗಂಡ 16 ವರ್ಷ ಶಾರ್ಜಾದಲ್ಲಿ ಒಂದು ಗ್ರೋಸರಿ ಅಂಗಡಿಯಲ್ಲಿ ಇದ್ದರು. ಕೊರೊನಾ ಸಮಯದಲ್ಲಿ ಊರಿಗೆ ಬಂದವರು ಮತ್ತೆ ಹೋಗಲಿಲ್ಲ. ಈಗ ದೋಟಿ (ನೆಲದಲ್ಲೇ ನಿಂತು ಅಡಿಕೆ ಮರಕ್ಕೆ ಮದ್ದು ಬಿಡುವ, ಕೊಯ್ಯುವ ಉದ್ದದ ಕೋಲು) ತರಬೇತಿ ಪಡೆದು, ಇಬ್ಬರು ಹುಡುಗರನ್ನು ಜೊತೆಗೆ ಹಾಕಿಕೊಂಡು ಅಡಿಕೆ ತೋಟಗಳಿಗೆ ಮದ್ದು ಬಿಡಲು, ಕೊಯ್ಲಿಗೆ ಹೋಗುತ್ತಾರೆ. "ನನ್ನ 16 ವರ್ಷ ನೀರಲ್ಲಿ ಹೋಮ ಆಯಿತು, ಮಗಳಿಗೆ ಹಾಗಾಗಬಾರದು" ಅಂತ ಆಗಾಗ ಹೇಳುತ್ತಾರೆ. ಎಲ್ಲಿ ಹೋದರೂ ಉಪಯೋಗಕ್ಕೆ ಬರುವ ಕೌಶಲಗಳನ್ನು ಮಕ್ಕಳಿಗೆ ಕಲಿಸಬೇಕು ಅಂತ ಶಾಲೆಯ ಸಭೆಯಲ್ಲಿ ಹೇಳಿದರು. ಯಾವುದು, ಹೇಗೆ ಅಂತ ಯಾರೂ ಹೇಳಲಿಲ್ಲ. ಒಂದು ಆನ್‌ಲೈನ್ ಕೋಡಿಂಗ್ ಕ್ಲಾಸಿನವರು ವರ್ಷಕ್ಕೆ 24 ಸಾವಿರ ರೂಪಾಯಿ ಕೇಳುತ್ತಿದ್ದಾರೆ. ನೆಂಟರು ಈಗಲಾದರೂ ಇಂಗ್ಲಿಷ್ ಮೀಡಿಯಂಗೆ ಹಾಕಿ ಅನ್ನುತ್ತಾರೆ. ನಾನು ಶಾಲೆಯ ರಕ್ಷಕ-ಶಿಕ್ಷಕ ಸಂಘ ಪಿಟಿಎಯಲ್ಲೂ ಇದ್ದೇನೆ. ಮನೆಯಲ್ಲಿ ಏನು ಮಾಡಬಹುದು? ಶಾಲೆಯಲ್ಲಿ ಏನು ಕೇಳಬಹುದು?

ಉತ್ತರ:

ಮೊದಲು ನಿಮ್ಮ ಯಜಮಾನರ ಮಾತಿಗೇ ಬರುತ್ತೇನೆ. ಆ 16 ವರ್ಷ ಎಲ್ಲೂ ಹೋಗಿಲ್ಲ. ಅವರು ದಿನಾ ಅದನ್ನೇ ಬಳಸುತ್ತಿದ್ದಾರೆ, ಅದಕ್ಕೆ ಹೆಸರಿಟ್ಟಿಲ್ಲ ಅಷ್ಟೆ.

ಗಲ್ಫಿನ ಗ್ರೋಸರಿ ಅಂಗಡಿ ಅಂದರೆ ಏನು ಕೆಲಸ ಅಂತ ನಮ್ಮ ಜಿಲ್ಲೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಫ್ಲ್ಯಾಟಿನಿಂದ ಫೋನ್ ಬರುತ್ತದೆ. ಒಬ್ಬರು ಹಿಂದಿ, ಒಬ್ಬರು ಮಲಯಾಳ, ಇನ್ನೊಬ್ಬರು ಅರ್ಧ ಅರಬಿ ಅರ್ಧ ಇಂಗ್ಲಿಷ್. ಯಾರಿಗೆ ಮೊದಲು ಸಾಮಾನು ಕಳಿಸಬೇಕು ಅಂತ ಆ ಕ್ಷಣದಲ್ಲೇ ತೀರ್ಮಾನ ಆಗಬೇಕು. ತಾರೀಕು ಮುಗಿಯುವ ಹಾಲು ಮುಂದೆ, ಹೊಸದು ಹಿಂದೆ. ಸಾಲದ ಪುಸ್ತಕ ಬೇರೆ. ರಾತ್ರಿ ಶಟರ್ ಎಳೆಯುವ ಮೊದಲು ಕ್ಯಾಶ್ ತಾಳೆಯಾಗಬೇಕು.

ಈಗಿನ ಕೆಲಸ ನೋಡಿ. ಕೊಳೆರೋಗ ಬರಬಾರದು ಅಂದರೆ ಮಳೆ ಹಿಡಿಯುವ ಮೊದಲು ಒಂದು ಸಲ ಮದ್ದು ಬಿಡಬೇಕು, ಅದಾಗಿ 40–45 ದಿನಕ್ಕೆ ಇನ್ನೊಂದು ಸಲ. ಅಂದರೆ ಮೇ ಕೊನೆಗೆ ಎಲ್ಲ ತೋಟದವರಿಗೂ ಅದೇ ವಾರ ಬೇಕು. ಯಾರ ತೋಟ ಮೊದಲು, ಯಾರಿಗೆ ಎರಡು ದಿನ ಕಾಯಲು ಹೇಳಬಹುದು, ಹೇಗೆ ಹೇಳಿದರೆ ಅವರಿಗೆ ಬೇಸರ ಆಗುವುದಿಲ್ಲ, ಮಳೆ ಬಂದು ಅರ್ಧಕ್ಕೆ ನಿಂತರೆ ಕೂಲಿ ಲೆಕ್ಕ ಹೇಗೆ. ಶಾರ್ಜಾದ ಕೌಂಟರಿನಲ್ಲಿ ಮಾಡುತ್ತಿದ್ದ ಕೆಲಸವೇ ಇದು. ದೋಟಿ ಹಿಡಿಯುವುದನ್ನು ತರಬೇತಿಯಲ್ಲಿ ಕಲಿತರು. ಉಳಿದ ಅರ್ಧ ಕೆಲಸ ಅವರು ಗಲ್ಫಿನಿಂದ ತಂದದ್ದು.

ಟ್ರಾನ್ಸ್‌ಫರೆಬಲ್ ಸ್ಕಿಲ್ಸ್ ಅಂತ ಸಭೆಗಳಲ್ಲಿ ಹೇಳುವುದು ಇದಕ್ಕೇ. ಒಂದು ಕೆಲಸದಲ್ಲಿ ಕಲಿತದ್ದು ಇನ್ನೊಂದು ಕೆಲಸಕ್ಕೆ ದಾಟಿ ಬರುತ್ತದಲ್ಲ, ಅದು. ಹೇಳಿದ್ದನ್ನು ಸರಿಯಾಗಿ ಕೇಳಿಸಿಕೊಳ್ಳುವುದು, ಸಮಸ್ಯೆಯನ್ನು ಬಿಡಿಸಿ ನೋಡುವುದು, ಲೆಕ್ಕ ತಾಳೆ ಹಾಕುವುದು, ನಾಲ್ಕು ಜನರ ಜೊತೆ ಸೇರಿ ಕೆಲಸ ಮುಗಿಸುವುದು, ಗೊತ್ತಿಲ್ಲದ್ದನ್ನು ತಾನೇ ಹುಡುಕಿ ಕಲಿಯುವುದು. ಹೊಸ ಸಂಗತಿ ಏನಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲೇ ಜೀವನ ಕೌಶಲಗಳು ಅಂತ ಹತ್ತನ್ನು ಪಟ್ಟಿ ಮಾಡಿತ್ತು. ವಿಶ್ವ ಆರ್ಥಿಕ ವೇದಿಕೆ 2025ರ ವರದಿಯಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಈಗ ಕೆಲಸದಲ್ಲಿ ಇರುವವರ ಮುಖ್ಯ ಕೌಶಲಗಳಲ್ಲಿ ಶೇ. 39ರಷ್ಟು 2030ರ ಒಳಗೆ ಬದಲಾಗುತ್ತವೆ ಅಂತ ಕಂಪನಿಗಳು ಅಂದಾಜು ಮಾಡಿವೆ. ಆ ಕಂಪನಿಗಳು ಎಲ್ಲಕ್ಕಿಂತ ಮೇಲೆ ಇಟ್ಟದ್ದು ಯಾವುದೋ ಸಾಫ್ಟ್‌ವೇರನ್ನಲ್ಲ, ಬಿಡಿಸಿ ಯೋಚಿಸುವ ಶಕ್ತಿಯನ್ನು.

ಮಕ್ಕಳಿಗೆ ಮುಂದೆ ಬರುವ ಕೆಲಸಗಳ ಪಟ್ಟಿಯನ್ನು ನಾನೂ ತುಂಬಾ ವರ್ಷ ಕೊಟ್ಟಿದ್ದೇನೆ. ಹಳೆಯ ಪಟ್ಟಿಗಳು ಈಗಲೂ ನನ್ನ ಹತ್ತಿರ ಇವೆ. ಅದರಲ್ಲಿ ಡೇಟಾ ಎಂಟ್ರಿ ಇದೆ. ಕಾರ್ಬನ್ ಫೈಬರ್ ದೋಟಿ ಇಲ್ಲ. ಆಮೇಲೆ ನಾನು ಪಟ್ಟಿ ಕೊಡುವುದನ್ನು ನಿಲ್ಲಿಸಿದೆ.

ಆದರೆ ಒಂದು ತೊಡಕಿದೆ. ಸಭೆಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಕೌಶಲ ತನ್ನಷ್ಟಕ್ಕೆ ದಾಟಿ ಬರುವುದಿಲ್ಲ.

1980ರಲ್ಲಿ ಮೇರಿ ಗಿಕ್ ಮತ್ತು ಕೀತ್ ಹೋಲಿಯೋಕ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಕಥೆ ಕೊಟ್ಟರು. ಒಂದು ಕೋಟೆ. ಅದಕ್ಕೆ ನಾಲ್ಕೂ ದಿಕ್ಕಿನಿಂದ ದಾರಿ ಇದೆ. ಎಲ್ಲ ದಾರಿಯಲ್ಲೂ ನೆಲದಡಿ ಸಿಡಿಮದ್ದು. ಸಣ್ಣ ಗುಂಪು ಹೋದರೆ ಸಿಡಿಯುವುದಿಲ್ಲ, ದೊಡ್ಡ ಸೈನ್ಯ ಹೋದರೆ ಸಿಡಿಯುತ್ತದೆ. ಸೇನಾಪತಿ ಸೈನ್ಯವನ್ನು ಸಣ್ಣ ಸಣ್ಣ ಗುಂಪು ಮಾಡಿ ಎಲ್ಲ ದಾರಿಯಿಂದ ಒಂದೇ ಹೊತ್ತಿಗೆ ಕಳಿಸಿ ಕೋಟೆ ಗೆದ್ದ. ಆಮೇಲೆ ಒಬ್ಬ ಡಾಕ್ಟರರ ಸಮಸ್ಯೆ ಕೊಟ್ಟರು. ಹೊಟ್ಟೆಯಲ್ಲಿ ಗಡ್ಡೆ ಇದೆ. ಕಿರಣ ಬಿಟ್ಟು ಸುಡಬೇಕು. ಬಲವಾಗಿ ಬಿಟ್ಟರೆ ದಾರಿಯಲ್ಲಿರುವ ಒಳ್ಳೆಯ ಭಾಗವೂ ಸುಡುತ್ತದೆ, ಮೆಲ್ಲಗೆ ಬಿಟ್ಟರೆ ಗಡ್ಡೆ ಹೋಗುವುದಿಲ್ಲ. ಏನು ಮಾಡುವುದು?

ಉತ್ತರ ಕೋಟೆಯ ಕಥೆಯಲ್ಲೇ ಇದೆ ಅಲ್ವಾ? ಸಣ್ಣ ಸಣ್ಣ ಕಿರಣಗಳನ್ನು ಬೇರೆ ಬೇರೆ ದಿಕ್ಕಿನಿಂದ ಗಡ್ಡೆಯ ಮೇಲೆ ಸೇರಿಸಿದರೆ ಆಯಿತು. ಆದರೆ ಆಗಷ್ಟೇ ಆ ಕಥೆ ಓದಿದವರಲ್ಲೂ ಹತ್ತರಲ್ಲಿ ಮೂವರಿಗೆ ಮಾತ್ರ ಅದು ತಾನಾಗಿ ಹೊಳೆಯಿತು. "ಆ ಕಥೆಯನ್ನು ಬಳಸಿ ನೋಡಿ" ಅಂತ ಒಂದು ಮಾತು ಹೇಳಿದ ಮೇಲೆ ಹೆಚ್ಚಿನವರಿಗೆ ಉತ್ತರ ಸಿಕ್ಕಿತು. ಅದೇ ಇಬ್ಬರು 1983ರಲ್ಲಿ ಇನ್ನೊಂದು ಸಂಗತಿ ತೋರಿಸಿದರು. ಒಂದೇ ಉಪಾಯದ ಎರಡು ಕಥೆ ಕೊಟ್ಟು, ಎರಡರಲ್ಲೂ ಸಮ ಇರುವುದು ಏನು ಅಂತ ಹೇಳಿಸಿದರೆ, ಮೂರನೆಯ ಕಡೆ ಅದು ಹೊಳೆಯುವುದು ಜಾಸ್ತಿ.

ಈ ಪ್ರಯೋಗ ಓದಿದ ಮೇಲೆ ನನ್ನ ಕೆಲಸದ ರೀತಿಯೇ ಬದಲಾಯಿತು. ನಮ್ಮ ಮಕ್ಕಳಿಗೆ ಕೌಶಲ ಕಡಿಮೆ ಇಲ್ಲ. ತೋಟ, ಅಂಗಡಿ, ಭೂತದ ಕೋಲ, ಮದುವೆ ಮನೆ, ಎಲ್ಲ ಕಡೆ ಅವರು ಕೆಲಸ ಮಾಡುತ್ತಾರೆ. ಆದರೆ "ನೀನು ಈಗ ಮಾಡಿದ್ದು ಏನು? ಇದೇ ಬುದ್ಧಿ ಬೇರೆ ಎಲ್ಲಿ ಉಪಯೋಗಕ್ಕೆ ಬರುತ್ತದೆ?" ಅಂತ ಅವರನ್ನು ಯಾರೂ ಕೇಳುವುದಿಲ್ಲ. ಶಾಲೆಯ ಪಾಠ ಶಾಲೆಯಲ್ಲಿ ಉಳಿಯುತ್ತದೆ, ಮನೆಯ ಕೆಲಸ ಮನೆಯಲ್ಲಿ. ನಡುವೆ ಸಂಕ, ಅಂದರೆ ದಾಟುವ ಕಾಲುಸೇತುವೆ, ಇಲ್ಲ. ನೀವು ಮಗಳಿಗೆ ಕಟ್ಟಿಕೊಡಬೇಕಾದದ್ದು ಆ ಸಂಕ.

ನಿಮ್ಮ ಮನೆಯಲ್ಲೇ ಇದನ್ನು ಮಾಡಬಹುದು. ಅಪ್ಪ ಅಡಿಕೆಗೆ ಬಿಡುವ ಮದ್ದು, ಬೋರ್ಡೋ ದ್ರಾವಣದಿಂದಲೇ ಶುರು ಮಾಡಿ. ಒಂದು ಕಿಲೋ ಮೈಲುತುತ್ತು 50 ಲೀಟರ್ ನೀರಿಗೆ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿಗೆ. ಎರಡೂ ಬೇರೆ ಬೇರೆ ಪಾತ್ರೆಯಲ್ಲಿ ಕರಗಬೇಕು. ಆಮೇಲೆ ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತಾ ಕಲಕಬೇಕು. ಕೆಲಸ ದೊಡ್ಡವರೇ ಮಾಡಲಿ, ತುತ್ತು ಮಕ್ಕಳ ಕೈಗೆ ಬೇಡ. ಮಗಳು ಪುಸ್ತಕ ಹಿಡಿದು ಸ್ವಲ್ಪ ದೂರದಲ್ಲಿ ಕೂರಲಿ. ಇವತ್ತಿನ ತೋಟಕ್ಕೆ 260 ಲೀಟರ್ ಸಾಕು ಅಂದರೆ ತುತ್ತು ಎಷ್ಟು, ಸುಣ್ಣ ಎಷ್ಟು? ಅವಳು ಲೆಕ್ಕ ಹೇಳಲಿ, ಅಪ್ಪ ತೂಗಲಿ.

ಕೊನೆಗೆ ಅಪ್ಪ ಒಂದು ಚೂರಿ ತೆಗೆದು ಆ ನೀಲಿ ನೀರಿನಲ್ಲಿ ಅದ್ದುತ್ತಾರಲ್ಲ, ಅಲ್ಲಿ ನಿಲ್ಲಿಸಿ. ಯಾಕೆ ಅದ್ದಿದ್ದು ಅಂತ ಮಗಳು ಕೇಳಲಿ. ಚೂರಿಯ ಅಲಗಿನ ಮೇಲೆ ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲದು, ತಾಮ್ರ ಇನ್ನೂ ಬಿಡಿಯಾಗಿದೆ ಅಂತ ಅರ್ಥ. ಹಾಗೇ ಬಿಟ್ಟರೆ ಸೋಗೆ, ಹಿಂಗಾರ ಸುಟ್ಟುಹೋಗಬಹುದು. ಇನ್ನಷ್ಟು ಸುಣ್ಣ ಹಾಕಿ ಮತ್ತೆ ಚೂರಿ ಅದ್ದುತ್ತಾರೆ. ಬಣ್ಣ ಹತ್ತದಿದ್ದರೆ ಸರಿ. ಕಬ್ಬಿಣ ತಾಮ್ರವನ್ನು ದ್ರಾವಣದಿಂದ ಹೊರಗೆ ತಳ್ಳುವ ಈ ಆಟ ಹೈಸ್ಕೂಲಿನ ಕೆಮಿಸ್ಟ್ರಿ ಪಾಠದಲ್ಲೇ ಬರುತ್ತದೆ. ಅಪ್ಪ ಅದನ್ನು ಪರೀಕ್ಷೆಗೆ ಓದಿದವರಲ್ಲ, ತೋಟದಲ್ಲಿ ಕಲಿತವರು.

ಇನ್ನು ಎರಡನೆಯ ಕಥೆ ಬೇಕು. ಅದೂ ನಮ್ಮ ಊರಿನದ್ದೇ. ಗುಡ್ಡದ ಬದಿಯಲ್ಲಿ ನೀರಿಗಾಗಿ ಸುರಂಗ ತೋಡುವವರು ಒಳಗೆ ಹೋಗುವಾಗ ಮೇಣದಬತ್ತಿ ಹಚ್ಚಿಕೊಂಡು ಹೋಗುತ್ತಾರೆ. ಬೆಳಕಿಗೆ ಮಾತ್ರ ಅಲ್ಲ. ಬತ್ತಿ ಸಣ್ಣದಾಗಿ ಉರಿಯತೊಡಗಿದರೆ, ನಂದಿದರೆ, ಒಳಗೆ ಉಸಿರಾಡುವ ಗಾಳಿ ಕಡಿಮೆ ಅಂತ ಲೆಕ್ಕ. ಹಿಂದೆ ಬರುತ್ತಾರೆ. ನಿಮ್ಮ ಹತ್ತಿರದಲ್ಲಿ ಸುರಂಗ ಇರುವ ತೋಟ ಇದ್ದೇ ಇರುತ್ತದೆ. ತೋಡಿದ ಅಜ್ಜ ಯಾರಾದರೂ ಇದ್ದರೆ ಮಗಳನ್ನು ಕರೆದುಕೊಂಡು ಹೋಗಿ ಕೇಳಿಸಿ. ಸುರಂಗದ ಒಳಗೆ ಹೋಗುವುದು ಬೇಡ, ಬಾಯಿಯ ಹತ್ತಿರ ಕೂತು ಮಾತಾಡಿದರೆ ಸಾಕು.

ಈಗ ಕೇಳಿ: ಚೂರಿಗೂ ಮೇಣದಬತ್ತಿಗೂ ಸಮ ಇರುವುದು ಏನು?

ಉತ್ತರ ನೀವು ಹೇಳಬೇಡಿ. ಎರಡು ದಿನ ಆದರೂ ಆಗಲಿ. ನಾನು ಈ ಪ್ರಶ್ನೆಯನ್ನು ಒಂದು ಶಾಲೆಯಲ್ಲಿ ಕೇಳಿದಾಗ ಒಬ್ಬಳು ಹುಡುಗಿ ತುಂಬಾ ಹೊತ್ತು ಸುಮ್ನೆ ಕೂತಿದ್ದಳು. ಆಮೇಲೆ, "ದೊಡ್ಡ ನಷ್ಟ ಆಗುವ ಮೊದಲು ಒಂದು ಸಣ್ಣದನ್ನು ಕಳಿಸಿ ನೋಡುವುದು, ಸರ್" ಅಂದಳು. ಅವಳು ಹೇಳಿದ ಆ ಸಾಲನ್ನು ಬೋರ್ಡಿನಲ್ಲಿ ಬರೆದು, ಬೇರೆ ಎಲ್ಲಿ ಹೀಗೆ ಮಾಡುತ್ತೀರಿ ಅಂತ ಕೇಳಿದೆ. ದೋಸೆ ಹಿಟ್ಟು ಸರಿ ಇದೆಯಾ ಅಂತ ಮೊದಲು ಒಂದು ಸಣ್ಣ ದೋಸೆ ಹೊಯ್ಯುವುದು. ಬಟ್ಟೆಯ ಬಣ್ಣ ಬಿಡುತ್ತದಾ ಅಂತ ಒಂದು ಮೂಲೆ ನೆನೆಸಿ ನೋಡುವುದು. ಮೈಕ್ ಸರಿ ಇದೆಯಾ ಅಂತ ಕಾರ್ಯಕ್ರಮಕ್ಕೆ ಮೊದಲು ಮಾತಾಡಿ ನೋಡುವುದು. ಹತ್ತು ನಿಮಿಷದಲ್ಲಿ ಬೋರ್ಡು ತುಂಬಿತು. ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರು ದಿನವಿಡೀ ಮಾಡುವುದೂ ಇದನ್ನೇ. ಪೂರ್ತಿ ಬರೆದು ಕೊನೆಗೆ ನೋಡುವುದಿಲ್ಲ. ಸಣ್ಣ ತುಂಡು ಬರೆದು, ಉತ್ತರ ಗೊತ್ತಿರುವ ಒಂದು ಲೆಕ್ಕ ಕೊಟ್ಟು, ಸರಿಯಾಗಿ ಬಂತಾ ಅಂತ ನೋಡುತ್ತಾರೆ.

ಮನೆಯಲ್ಲಿ ಇದಕ್ಕೊಂದು ನೂರು ಪುಟದ ನೋಟ್‌ಬುಕ್ ಸಾಕು. ವಾರಕ್ಕೆ ಒಂದು ಪುಟ. ಮೇಲೆ: ಈ ವಾರ ನಾನು ನಿಜವಾಗಿ ಮಾಡಿದ ಒಂದು ಕೆಲಸ. ನಡುವೆ: ಎಲ್ಲಿ ತಪ್ಪಿತು, ಹೇಗೆ ಸರಿ ಮಾಡಿದೆ. ಕೆಳಗೆ: ಇದೇ ಬುದ್ಧಿ ಬೇರೆ ಎಲ್ಲಿ ಬರುತ್ತದೆ. ಕನ್ನಡದಲ್ಲೇ ಬರೆಯಲಿ. ಮಾರ್ಕು ಹಾಕಬೇಡಿ, ಅಕ್ಷರ ತಿದ್ದಬೇಡಿ. ನಡುವಿನ ಭಾಗವನ್ನು ಮಕ್ಕಳು ಬಿಟ್ಟುಬಿಡುತ್ತಾರೆ, ತಪ್ಪು ಬರೆಯಲು ನಾಚಿಕೆ. ಅಲ್ಲಿ ಅಪ್ಪ ಅಮ್ಮ ತಮ್ಮ ತಪ್ಪು ಮೊದಲು ಹೇಳಿದರೆ ಅವರೂ ಬರೆಯುತ್ತಾರೆ.

ಇನ್ನು ಭಾಷೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಕಾಸರಗೋಡಿನ ಮಗುವಿನ ಕೈಯಲ್ಲಿರುವ ದೊಡ್ಡ ಆಸ್ತಿ ಇದು, ನಾವು ಇದನ್ನು ಕೊರತೆ ಅಂತ ಹೇಳಿಕೊಂಡು ಬಂದಿದ್ದೇವೆ.

ನಿಮ್ಮ ಮಗಳು ಮನೆಯಲ್ಲಿ ತುಳುವೋ ಕನ್ನಡವೋ ಮಾತಾಡುತ್ತಾಳೆ, ಬಸ್ಸಿನಲ್ಲಿ ಮಲಯಾಳ, ಗೆಳತಿಯ ಮನೆಯಲ್ಲಿ ಬ್ಯಾರಿ ಅಥವಾ ಕೊಂಕಣಿ ಕೇಳುತ್ತಾಳೆ. ಯಾರ ಜೊತೆ ಯಾವ ಭಾಷೆ ಅಂತ ಅರೆಕ್ಷಣದಲ್ಲಿ ತಿಳಿಯುತ್ತದೆ. ಬೇರೆ ಊರಿನ ಮಕ್ಕಳು ಇದನ್ನು ದುಡ್ಡು ಕೊಟ್ಟು ಕಲಿಯಬೇಕು. ಆದರೆ ಇದು ಮಾತಿನಲ್ಲೇ ನಿಂತುಬಿಡುತ್ತದೆ. ಮಲಯಾಳ ಮಾತಾಡಲು ಬರುತ್ತದೆ, ಕೃಷಿ ಇಲಾಖೆಯ ಕಚೇರಿಯಾದ ಕೃಷಿಭವನದ ನೋಟಿಸು ಓದಲು ಬರುವುದಿಲ್ಲ ಅನ್ನುವ ಕನ್ನಡ ಮಾಧ್ಯಮದ ಮಕ್ಕಳು ಎಷ್ಟೋ ಜನ ಇದ್ದಾರೆ. ಮಾತಿನಿಂದ ಬರಹಕ್ಕೆ ದಾಟಿದಾಗಲೇ ಭಾಷೆ ಕೆಲಸಕ್ಕೆ ಬರುವ ಕೌಶಲ ಆಗುವುದು.

ನಾನು ಮಕ್ಕಳಿಗೆ ಕೊಡುವ ಒಂದು ಕೆಲಸ ಹೇಳುತ್ತೇನೆ. ಮಲಯಾಳದ ಒಂದು ನಿಜವಾದ ನೋಟಿಸು ತರಬೇಕು. ಅದನ್ನು ಫೋನಿನಲ್ಲಿ ಕನ್ನಡಕ್ಕೆ ಅನುವಾದ ಮಾಡಿಸಬೇಕು. ಆಮೇಲೆ ಕೂತು ಫೋನು ಎಲ್ಲಿ ಎಡವಿದೆ ಅಂತ ಹುಡುಕಬೇಕು. ನಮಗೂ ಮಲಯಾಳಕ್ಕೂ ಸಮ ಇರುವ ಶಬ್ದಗಳೇ ಇಲ್ಲಿ ಹಳ್ಳ ತೋಡುತ್ತವೆ. ಮಲಯಾಳದಲ್ಲಿ ಅವಧಿ ಅಂದರೆ ರಜೆ, ನಮಗೆ ಅದು ಕಾಲದ ಅಳತೆ. ಅಲ್ಲಿ ಅಪೇಕ್ಷ ಅಂದರೆ ಅರ್ಜಿ, ನಮ್ಮಲ್ಲಿ ಅಪೇಕ್ಷೆ ಅಂದರೆ ಆಸೆ. ಅಲ್ಲಿ ಸಂಸಾರಂ ಅಂದರೆ ಮಾತು, ಇಲ್ಲಿ ಸಂಸಾರ ಅಂದರೆ ಮನೆಮಂದಿ. ಅಲ್ಲಿ ಉಪನ್ಯಾಸಂ ಅಂದರೆ ಪ್ರಬಂಧ, ಇಲ್ಲಿ ಉಪನ್ಯಾಸ ಅಂದರೆ ಭಾಷಣ. ಪಣಿ ಅಂದರೆ ಕೆಲಸ, ಪನಿ ಅಂದರೆ ಜ್ವರ. ಒಂದು ಣಕಾರ ತಪ್ಪಿದರೆ ಕೆಲಸಕ್ಕೆ ಹೋದವನು ಜ್ವರ ಬಂದು ಮಲಗಿದ ಹಾಗೆ ಆಗುತ್ತದೆ.

ಮಕ್ಕಳು ಈ ತಪ್ಪು ಹುಡುಕುವಾಗ ಮುಖ ನೋಡಬೇಕು ನೀವು. ಯಂತ್ರಕ್ಕಿಂತ ತಮಗೆ ಹೆಚ್ಚು ಗೊತ್ತಿದೆ ಅಂತ ಅವರಿಗೆ ಮೊದಲ ಸಲ ಅನ್ನಿಸುವುದು ಆಗ. ಕೃತಕ ಬುದ್ಧಿಮತ್ತೆ ಬಂದು ಕೆಲಸ ಎಲ್ಲ ಹೋಗುತ್ತದೆ ಅಂತ ಹೆದರಿಸುವವರ ನಡುವೆ ಮಕ್ಕಳಿಗೆ ಬೇಕಾದ ಅಭ್ಯಾಸ ಇದು. ಯಂತ್ರ ಕೊಟ್ಟ ಉತ್ತರವನ್ನು ಹಾಗೇ ನುಂಗಬಾರದು, ಚೂರಿ ಅದ್ದಿ ನೋಡಬೇಕು. ಎರಡು ಭಾಷೆ ಚೆನ್ನಾಗಿ ಗೊತ್ತಿರುವವರಿಗೆ ಮಾತ್ರ ಆ ಚೂರಿ ಸಿಗುತ್ತದೆ.

ಇದರಿಂದ ಕೆಲಸ ಸಿಗುತ್ತದಾ ಅಂತ ನೀವು ಕೇಳಬಹುದು. ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗೆ ಅಂತಲೇ ಕೇರಳ ಪಿಎಸ್‌ಸಿ ಕಾಸರಗೋಡಿನಲ್ಲಿ ಕ್ಲರ್ಕ್ ಹುದ್ದೆ ಕರೆಯುತ್ತದೆ. 50 ಕಿಲೋಮೀಟರ್ ಆಚೆ ಮಂಗಳೂರಿನ ಆಸ್ಪತ್ರೆಗಳಿಗೆ ನಮ್ಮ ಜಿಲ್ಲೆಯಿಂದ ದಿನಾ ಜನ ಹೋಗುತ್ತಾರೆ. ಅಲ್ಲಿ ನೋವು ಎಲ್ಲಿ, ಹೇಗೆ ಅಂತ ಅವರ ಭಾಷೆಯಲ್ಲಿ ಕೇಳಿ, ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಬಲ್ಲ ನರ್ಸಿನ ಬೆಲೆ ಏನು ಅಂತ ಅಲ್ಲಿ ಮಲಗಿದವರಿಗೆ ಗೊತ್ತು. ಬ್ಯಾಂಕು, ಆನ್‌ಲೈನ್ ಅರ್ಜಿ ಹಾಕುವ ಅಕ್ಷಯ ಕೇಂದ್ರ, ಕೋರ್ಟು, ಪತ್ರಿಕೆ, ವಿಮೆ ಕಂಪನಿ, ಗಡಿಯ ಎರಡೂ ಬದಿಯಲ್ಲಿ ಇಂಥವರು ಬೇಕು.

ಮಲಯಾಳ ಓದಲು ಕಲಿಯಿರಿ ಅಂದರೆ ಕನ್ನಡದ ಹಕ್ಕು ಬಿಟ್ಟುಕೊಡಿ ಅಂತ ಅರ್ಥ ಅಲ್ಲ. ಕನ್ನಡ ಶಾಲೆಗೆ ಕನ್ನಡ ಬಲ್ಲ ಟೀಚರ್ ಬೇಕು, ಕಚೇರಿಯಲ್ಲಿ ಕನ್ನಡದ ಫಾರಂ ಬೇಕು ಅನ್ನುವ ಹೋರಾಟದಲ್ಲಿ ನಾನೂ ಇದ್ದೇನೆ, ಇರುತ್ತೇನೆ. ಮಂಜೇಶ್ವರದ ಗೋವಿಂದ ಪೈಗಳು ಹತ್ತಾರು ಭಾಷೆ ಕಲಿತವರು. ಅದರಿಂದ ಅವರ ಕನ್ನಡ ಬಡವಾಗಲಿಲ್ಲ. 1949ರಲ್ಲಿ ಅವರಿಗೆ ರಾಷ್ಟ್ರಕವಿ ಗೌರವ ಬಂದದ್ದು ಕನ್ನಡದ ಕವಿಯಾಗಿಯೇ.

ಇದೇ ಜಾಗದಲ್ಲಿ ಇಂಗ್ಲಿಷ್ ಮೀಡಿಯಂ ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ಎಂಟನೆಯಲ್ಲಿ ಮಾಧ್ಯಮ ಬದಲಾಯಿಸಬೇಡಿ. ಅವಳು ಈಗ ಅರ್ಥ ಮಾಡಿಕೊಂಡು ಓದುತ್ತಿದ್ದಾಳೆ, ಪ್ರಶ್ನೆ ಕೇಳುತ್ತಿದ್ದಾಳೆ. ಬದಲಾಯಿಸಿದರೆ ಎರಡು ವರ್ಷ ಬಾಯಿಪಾಠದಲ್ಲಿ ಹೋಗುತ್ತದೆ. ಆದರೆ ಹನ್ನೊಂದನೆಯ ತರಗತಿಯಾದ ಪ್ಲಸ್ ವನ್‌ಗೆ ಹೋದ ಕೂಡಲೇ ಪುಸ್ತಕಗಳು ಇಂಗ್ಲಿಷಿನಲ್ಲಿ ಇರುತ್ತವೆ, ಅದಕ್ಕೆ ತಯಾರಿ ಇವತ್ತೇ ಬೇಕು. ಕೇರಳದ ಪಾಠಪುಸ್ತಕಗಳು ಸಮಗ್ರ ಪೋರ್ಟಲಿನಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಉಚಿತವಾಗಿ ಸಿಗುತ್ತವೆ. ಕ್ಲಾಸಿನಲ್ಲಿ ಕನ್ನಡದಲ್ಲಿ ಮುಗಿದ ವಿಜ್ಞಾನ ಪಾಠವನ್ನು ಆ ವಾರವೇ ಇಂಗ್ಲಿಷ್ ಪುಸ್ತಕದಲ್ಲಿ ಓದಲಿ. ದಿನಕ್ಕೆ 20 ನಿಮಿಷ. ಸಂಗತಿ ಮೊದಲೇ ಗೊತ್ತಿರುವುದರಿಂದ ಭಾಷೆ ಬೇಗ ಹತ್ತುತ್ತದೆ. ಹೊಸ ಶಬ್ದಗಳನ್ನು ಒಂದು ಪುಸ್ತಕದಲ್ಲಿ ಮೂರು ಕಾಲಮ್ಮುಗಳಲ್ಲಿ ಬರೆದಿಡಲಿ: ಕನ್ನಡ, ಇಂಗ್ಲಿಷ್, ಮಲಯಾಳ. ಹತ್ತನೆಯ ಹೊತ್ತಿಗೆ ಅವಳ ಹತ್ತಿರ ಒಂದು ಸಣ್ಣ ನಿಘಂಟು ಇರುತ್ತದೆ.

ಕೋಡಿಂಗ್ ಕ್ಲಾಸಿಗೆ 24 ಸಾವಿರ ಈಗ ಕೊಡಬೇಡಿ. ಕೋಡಿಂಗ್ ಬೇಡ ಅಂತ ಅಲ್ಲ. ಕೇರಳದ ಸರಕಾರಿ ಮತ್ತು ಅನುದಾನಿತ ಹೈಸ್ಕೂಲುಗಳಲ್ಲಿ 2018ರಿಂದ ಲಿಟಲ್ ಕೈಟ್ಸ್ ಅನ್ನುವ ಕ್ಲಬ್ಬುಗಳಿವೆ. ಎಂಟನೇ ತರಗತಿಯ ಮಕ್ಕಳಿಗೇ ಒಂದು ಪರೀಕ್ಷೆ ಇಟ್ಟು ಆರಿಸುತ್ತಾರೆ. ಪ್ರೋಗ್ರಾಮಿಂಗ್, ಅನಿಮೇಷನ್, ಎಲೆಕ್ಟ್ರಾನಿಕ್ಸ್, ಆಪ್ ಮಾಡುವುದು ಎಲ್ಲ ಇದೆ, ದುಡ್ಡು ಇಲ್ಲ. ನಿಮ್ಮ ಶಾಲೆಯಲ್ಲಿ ಘಟಕ ಇದೆಯಾ, ಈ ವರ್ಷದ ಆಯ್ಕೆ ಆಯಿತಾ ಅಂತ ನಾಳೆಯೇ ಕೇಳಿ. ಆಯ್ಕೆ ಆಗದಿದ್ದರೂ ಬೇಸರ ಬೇಡ. ಕೇರಳದ ಐಸಿಟಿ (ಕಂಪ್ಯೂಟರ್) ಪಠ್ಯದಲ್ಲಿ 2024ರಿಂದ ಏಳನೆಯವರಿಗೆ ಕೃತಕ ಬುದ್ಧಿಮತ್ತೆಯ ಪಾಠ ಬಂದಿದೆ, 2025ರಿಂದ ಹತ್ತನೆಯವರಿಗೆ ರೊಬೊಟಿಕ್ಸ್. ಕನ್ನಡದಲ್ಲೂ ಆ ಪುಸ್ತಕ ಇದೆ. ಲ್ಯಾಬಿನ ಪಿರಿಯಡ್ ಬೇರೆ ಪಾಠಕ್ಕೆ ಹೋಗದೆ ಸರಿಯಾಗಿ ನಡೆಯುತ್ತಿದೆಯಾ ಅಂತ ನೋಡುವುದು ಪಿಟಿಎಯಲ್ಲಿ ನಿಮ್ಮ ಕೆಲಸ. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಮಕ್ಕಳಿಗೆ ಪ್ರೋಗ್ರಾಂ ಕಲಿಸುವ ಸ್ಕ್ರ್ಯಾಚ್ ಉಚಿತ. ಮೊದಲ ಪ್ರೋಗ್ರಾಂ ಅಪ್ಪನಿಗಾಗಿ ಬರೆಯಲಿ: ಲೀಟರ್ ಎಷ್ಟು ಅಂತ ಕೇಳಬೇಕು, ತುತ್ತು ಎಷ್ಟು ಗ್ರಾಂ, ಸುಣ್ಣ ಎಷ್ಟು ಗ್ರಾಂ ಅಂತ ಹೇಳಬೇಕು. 10 ಕೊಟ್ಟರೆ 100 ಗ್ರಾಂ ಬರಬೇಕು. ಬಾರದಿದ್ದರೆ ಎಲ್ಲಿ ತಪ್ಪಿದೆ ಅಂತ ಅವಳೇ ಹುಡುಕಲಿ. ಆರು ತಿಂಗಳು ಇದನ್ನು ಇಷ್ಟಪಟ್ಟು ಮಾಡಿ, ಇನ್ನೂ ಬೇಕು ಅಂತ ಅವಳೇ ಕೇಳಿದರೆ ಆಗ ಕ್ಲಾಸಿನ ಯೋಚನೆ ಮಾಡಿ.

ಶಾಲೆಯಲ್ಲಿ ಕೇಳಲು ಜಾಸ್ತಿ ಬೇಡ. ಟೀಚರುಗಳಿಗೆ ಈಗಾಗಲೇ ಕೆಲಸ ಮೇಲೆ ಕೆಲಸ ಇದೆ. ಹೊಸ ಪಿರಿಯಡ್ ಬೇಡ, ಇರುವ ಪಾಠವನ್ನೇ ಒಂದು ನಿಜವಾದ ಕೆಲಸಕ್ಕೆ ಕಟ್ಟಿ ಅಂತ ಕೇಳಿ. ನಾನು ನೋಡಿದ್ದರಲ್ಲಿ ತುಂಬಾ ಚೆನ್ನಾಗಿ ನಡೆದದ್ದು ಬಾವಿಯ ಲೆಕ್ಕ. ಹಗ್ಗಕ್ಕೆ ಕಲ್ಲು ಕಟ್ಟಿ, ಅರ್ಧ ಅರ್ಧ ಮೀಟರಿಗೆ ಬಣ್ಣದ ದಾರ ಸುತ್ತಿ, ಪ್ರತಿ ಶನಿವಾರ ಮಕ್ಕಳು ತಮ್ಮ ಮನೆಯ ಬಾವಿಯಲ್ಲಿ ಕಟ್ಟೆಯಿಂದ ನೀರಿಗೆ ಎಷ್ಟು ಆಳ ಅಂತ ಅಳೆಯುತ್ತಾರೆ, ದೊಡ್ಡವರು ಜೊತೆಗೆ ಇದ್ದಾಗ ಮಾತ್ರ. ನವೆಂಬರಿನಿಂದ ಮೇವರೆಗೆ. ಗಣಿತದ ಮಾಷ್ ಅದನ್ನು ಗ್ರಾಫ್ ಮಾಡಿಸುತ್ತಾರೆ, ಸಮಾಜ ವಿಜ್ಞಾನದ ಟೀಚರ್ ಗುಡ್ಡದ ಮೇಲಿನ ಬಾವಿ ಮತ್ತು ಬಯಲಿನ ಬಾವಿ ಹೋಲಿಸಲು ಹೇಳುತ್ತಾರೆ, ಭಾಷೆಯ ಟೀಚರ್ ಪಂಚಾಯತಿಗೆ ಒಂದು ವರದಿ ಬರೆಸುತ್ತಾರೆ, ಕನ್ನಡದಲ್ಲಿ ಮತ್ತು ಮಲಯಾಳದಲ್ಲಿ. ಒಂದು ವಾರ ಅಳೆಯದೆ ಸುಮ್ನೆ ಅಂದಾಜು ಬರೆದವನ ಗ್ರಾಫ್ ಎಲ್ಲರ ಎದುರು ವಿಚಿತ್ರವಾಗಿ ಕುಣಿಯುತ್ತದೆ. ಪ್ರಾಮಾಣಿಕವಾಗಿ ದಾಖಲೆ ಇಡುವುದು ಯಾಕೆ ಅಂತ ಅವನಿಗೆ ಬೇರೆ ಯಾರೂ ಪಾಠ ಹೇಳಬೇಕಾಗಿಲ್ಲ.

ಇನ್ನೊಂದು ತಾಳಮದ್ದಳೆ, ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಕೂತು ಇದನ್ನು ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಪದ್ಯ ಮಾತ್ರ ಕೈಯಲ್ಲಿ, ಮಾತು ಅಲ್ಲೇ ಹುಟ್ಟಬೇಕು. ಎದುರಿನ ಅರ್ಥಧಾರಿ ಹೇಳಿದ್ದನ್ನು ಸರಿಯಾಗಿ ಕೇಳಿಸಿಕೊಳ್ಳದೆ ತಾನು ಮನೆಯಲ್ಲಿ ಯೋಚಿಸಿಕೊಂಡು ಬಂದದ್ದನ್ನೇ ಹೇಳಿದರೆ ಸಭೆಗೆ ತಕ್ಷಣ ಗೊತ್ತಾಗುತ್ತದೆ. ಕೆಲಸದ ಇಂಟರ್‌ವ್ಯೂನಲ್ಲಿ, ಮೀಟಿಂಗಿನಲ್ಲಿ ಬೇಕಾದದ್ದು ಇದೇ ಅಲ್ವಾ? ತಿಂಗಳಿಗೊಂದು ಸಲ ಮಕ್ಕಳಿಗೆ ಒಂದು ಪ್ರಸಂಗ ಕೊಟ್ಟು ಹತ್ತು ನಿಮಿಷ ಮಾತಾಡಿಸಿ. ಆಮೇಲೆ ಪಾತ್ರ ಅದಲು ಬದಲು. ವಾಲಿಯಾದವಳು ರಾಮನಾಗಲಿ. ತನ್ನದೇ ವಾದಕ್ಕೆ ತಾನೇ ಉತ್ತರ ಕೊಡುವಾಗ ಕಲಿಯುವುದು ಬೇರೆ ಯಾವ ಭಾಷಣ ಸ್ಪರ್ಧೆಯಲ್ಲೂ ಸಿಗುವುದಿಲ್ಲ.

ಹೆಣ್ಣುಮಕ್ಕಳ ತಂದೆ ತಾಯಿಗೆ ನಾನು ತಪ್ಪದೆ ಹೇಳುವ ಒಂದು ಮಾತಿದೆ. ನಮ್ಮ ಹುಡುಗಿಯರು ಮಾರ್ಕಿನಲ್ಲಿ ಮುಂದೆ ಇದ್ದಾರೆ. ಆದರೆ 18 ವರ್ಷ ಆದರೂ ಒಬ್ಬಳೇ ಬ್ಯಾಂಕಿಗೆ ಹೋಗಿ ಚಲನ್ ತುಂಬಿದ ಅಭ್ಯಾಸ ಇರುವುದಿಲ್ಲ. ಕಚೇರಿಯ ಕೆಲಸಕ್ಕೆ ಅಣ್ಣ ಅಥವಾ ಅಪ್ಪ ಹೋಗಿರುತ್ತಾರೆ. ಹಾಗೆ ಬೆಳೆದವಳಿಗೆ ಕೆಲಸದ ಮೊದಲ ತಿಂಗಳು ತುಂಬಾ ಕಷ್ಟ. ನಿಮ್ಮ ಮಗಳಿಗೆ ಈಗಲೇ ಅವಕಾಶ ಕೊಡಿ. ಪಂಚಾಯತಿನಲ್ಲಿ ಒಂದು ಅರ್ಜಿ ಕೊಡಬೇಕಾದರೆ ನೀವು ಹೊರಗೆ ಬೆಂಚಿನಲ್ಲಿ ಕೂರಿ, ಅವಳು ಒಳಗೆ ಹೋಗಿ ಕೇಳಲಿ, ಸೀಲು ಹಾಕಿಸಿಕೊಂಡು ಬರಲಿ. ಒಮ್ಮೆ ವಾಪಸು ಕಳಿಸಿದರೂ ಪರವಾಗಿಲ್ಲ. ಏನು ಸಾಲದೆ ಬಂತು ಅಂತ ತಿಳಿದುಕೊಂಡು ಮತ್ತೆ ಹೋಗಲಿ. ಆ ವಾರದ ನೋಟ್‌ಬುಕ್ ಪುಟ ಅದೇ.

ದುಡ್ಡಿನ ಲೆಕ್ಕವೂ ಹಾಗೆಯೇ. ದೋಟಿ ಕೆಲಸದ ತಿಂಗಳ ಲೆಕ್ಕ ಅವಳ ಕೈಗೆ ಕೊಡಿ. ಯಾವ ತೋಟಕ್ಕೆ ಎಷ್ಟು ದಿನ, ಹುಡುಗರಿಗೆ ಕೂಲಿ ಎಷ್ಟು, ತುತ್ತಿಗೆ ಎಷ್ಟು, ಬಾಕಿ ಯಾರಿಂದ ಬರಬೇಕು. ಕೊನೆಗೆ ಉಳಿದದ್ದು ಎಷ್ಟು ಅಂತ ಅವಳು ಅಪ್ಪನಿಗೆ ಹೇಳಲಿ. ಒಂದೆರಡು ತಿಂಗಳಲ್ಲಿ ಅವಳೇ ಪ್ರಶ್ನೆ ಕೇಳುತ್ತಾಳೆ: ಆ ದೂರದ ತೋಟಕ್ಕೆ ಹೋಗಿ ಉಳಿದದ್ದು ಇಷ್ಟೇನಾ, ಪೆಟ್ರೋಲ್ ಲೆಕ್ಕ ಹಾಕಿದ್ದೀರಾ ಅಂತ. ಆಗ ಸಿಟ್ಟಾಗಬೇಡಿ ಅಂತ ಯಜಮಾನರಿಗೆ ಮೊದಲೇ ಹೇಳಿಡಿ.

ಮುಂದೆ ಪ್ಲಸ್ ಟುಗೆ ಸಯನ್ಸೋ ಕಾಮರ್ಸೋ ವೃತ್ತಿಶಿಕ್ಷಣದ ವಿಎಚ್‌ಎಸ್‌ಇಯೋ ಅಂತ ಈಗ ತಲೆ ಕೆಡಿಸಿಕೊಳ್ಳಬೇಡಿ. ಎರಡು ವರ್ಷದ ಆ ನೋಟ್‌ಬುಕ್ ತೆಗೆದು ನೋಡಿದರೆ ಯಾವ ಕೆಲಸದ ಬಗ್ಗೆ ಅವಳು ಎರಡು ಪುಟ ಬರೆದಿದ್ದಾಳೆ, ಯಾವುದನ್ನು ನಾಲ್ಕು ಸಾಲಿನಲ್ಲಿ ಮುಗಿಸಿದ್ದಾಳೆ ಅಂತ ಕಾಣುತ್ತದೆ. ಅದನ್ನು ಹಿಡಿದುಕೊಂಡು ಮಾತಾಡಲು ಯಾವ ಕೌನ್ಸೆಲರಿಗೂ ಸುಲಭ.

ಮೊದಲ ಪುಟ ಶಾರ್ಜಾದ್ದಾಗಲಿ. ಇವತ್ತು ರಾತ್ರಿ ಊಟ ಆದ ಮೇಲೆ ಮಗಳನ್ನು ಪೆನ್ನು ಹಿಡಿಸಿ ಅಪ್ಪನ ಎದುರು ಕೂರಿಸಿ. ಬೆಳಿಗ್ಗೆ ಎಷ್ಟು ಗಂಟೆಗೆ ಶಟರ್ ತೆಗೆಯುತ್ತಿದ್ದಿರಿ? ಮೊದಲ ಕೆಲಸ ಏನು? ಭಾಷೆ ಬಾರದ ಗಿರಾಕಿ ಬಂದರೆ ಏನು ಮಾಡುತ್ತಿದ್ದಿರಿ? ಕ್ಯಾಶ್ ತಾಳೆಯಾಗದ ದಿನ ಮೊದಲು ಏನನ್ನು ನೋಡುತ್ತಿದ್ದಿರಿ? ಅವಳು ಕೇಳಲಿ, ಅವರು ಹೇಳಲಿ. ಕೆಳಗಿನ ಸಾಲನ್ನು, ಇದೇ ಬುದ್ಧಿ ಬೇರೆ ಎಲ್ಲಿ ಬರುತ್ತದೆ ಅನ್ನುವುದನ್ನು, ಅಪ್ಪನ ಕೈಯಿಂದಲೇ ಬರೆಸಿ.